ಪಡ ಬಿದ್ದ ನೆಲದ ಲೆಕ್ಕ

ಗದಗ, ಹಾವೇರಿ, ಧಾರವಾಡ ಸೀಮೆಯಲ್ಲಿ ಬಿತ್ತದೆ ಬಿಟ್ಟ ಹೊಲಕ್ಕೆ ‘ಪಡ ಬಿದ್ದೈತಿ’ ಅಂತಾರೆ. ಊರ ದನ-ಕುರಿಗಳಿಗೆಂದು ಉಳಿಸಿದ ಬಯಲು ಗಾಯರಾಣ. ಈ ಎರಡೂ ಮಾತಿನಲ್ಲಿ ನೆಲದ ಬಗ್ಗೆ ತಾತ್ಸಾರವಿಲ್ಲ. ಪಡ ಬಿದ್ದದ್ದೆಂದರೆ ಈ ಸಲ ನೇಗಿಲು ಹಾಯಲಿಲ್ಲ, ಅಷ್ಟೇ. ಅದೇ ನೆಲ ನಕ್ಷೆಗೆ, ಕಡತಕ್ಕೆ ಏರುವಾಗ ‘ಪಾಳುಭೂಮಿ’ ಆಗುತ್ತದೆ. ಆ ಹೆಸರು ಒಮ್ಮೆ ಅಂಟಿತೆಂದರೆ ಗುಂಡಿ ತೋಡಿ ನೀಲಗಿರಿ ಹಚ್ಚುವುದಕ್ಕೂ, ಸೋಲಾರ್ ಫಲಕ ಹಾಸುವುದಕ್ಕೂ, ಲೇಔಟ್ ಎಳೆಯುವುದಕ್ಕೂ ಯಾರೂ ಎರಡನೇ ಸಲ ಯೋಚಿಸುವುದಿಲ್ಲ.

ಇಲ್ಲಿ ಏನೂ ಇಲ್ಲ ಎನ್ನಬೇಕಾದರೆ ಮೊದಲು ಯಾರಾದರೂ ಎಣಿಸಿರಬೇಕು. ಎಣಿಸುವುದು ಹೇಗೆ, ಎಣಿಕೆ ಎಲ್ಲಿ ತಪ್ಪುತ್ತದೆ, ಎಣಿಕೆಗೆ ಸಿಗದೆ ಉಳಿಯುವುದು ಯಾವುದು ಎಂಬುದನ್ನು ತಿಳಿದರೆ ಜೀವವೈವಿಧ್ಯದ ದೊಡ್ಡ ದೊಡ್ಡ ಪದಗಳೆಲ್ಲ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಜೀವವೈವಿಧ್ಯವನ್ನು ಮೂರು ಹಂತದಲ್ಲಿ ನೋಡುವುದು ರೂಢಿ. ಒಂದೇ ಪ್ರಭೇದದ ಒಳಗಿನ ವೈವಿಧ್ಯ ಮೊದಲನೆಯದು. ಬ್ಯಾಡಗಿ ಮಾರುಕಟ್ಟೆಗೆ ಬರುವ ಡಬ್ಬಿ, ಕಡ್ಡಿ ಎರಡೂ ಮೆಣಸಿನಕಾಯಿಯೇ. ಗಾತ್ರ, ಸುಕ್ಕು, ಬೀಜದ ಪ್ರಮಾಣ ಮಾತ್ರ ಬೇರೆ. ಒಂದು ಜಾಗದಲ್ಲಿ ಎಷ್ಟು ಪ್ರಭೇದಗಳಿವೆ ಎಂಬುದು ಎರಡನೆಯದು. ಎಷ್ಟು ಬಗೆಯ ಪರಿಸರ ವ್ಯವಸ್ಥೆಗಳಿವೆ ಎಂಬುದು ಮೂರನೆಯದು. ಪರಿಸರ ವ್ಯವಸ್ಥೆ ಎಂಬುದಕ್ಕೆ ಇಂಗ್ಲಿಷಿನಲ್ಲಿ ಬಳಸುವ ‘ಇಕೋಸಿಸ್ಟಮ್’ ಪದವನ್ನು 1935ರಲ್ಲಿ ಬರಹಕ್ಕೆ ತಂದವರು ಬ್ರಿಟನ್ನಿನ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್‌ಲಿ. ಜೀವಿಗಳನ್ನು ಮಣ್ಣು, ನೀರು, ಗಾಳಿಯಿಂದ ಬೇರ್ಪಡಿಸಿ ನೋಡಲಾಗದು ಎಂಬುದು ಅವರ ವಾದ. ಎರಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ ನಿಂತವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅಲ್ಲಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಬಿರಿಯುತ್ತದೆ. ಈ ಎಳೆದಾಟಕ್ಕೆ ಬೇರು ಹರಿಯುವ ಗಿಡ ಅಲ್ಲಿ ಬಾಳುವುದಿಲ್ಲ. ಬಿರುಕಿನೊಳಗೆ ತಂಪು ಹುಡುಕುವ ಕಪ್ಪೆ, ಜೇಡ, ಹಲ್ಲಿಗಳು ಬಾಳುತ್ತವೆ.

ಈ ಸೀಮೆಯ ಅದೃಷ್ಟವೆಂದರೆ ಮೂರನೆಯ ಹಂತ ಇಲ್ಲಿ ಒಂದು ದಿನದ ಬಸ್ ಪ್ರಯಾಣದಲ್ಲಿ ಕಾಣುತ್ತದೆ. ಕಲಘಟಗಿ ಕಡೆ ತೇಗದ ಕಾಡು, ಧಾರವಾಡದಲ್ಲಿ ಮಲೆನಾಡಿನ ಸೆರಗು, ನವಲಗುಂದದಲ್ಲಿ ಕಣ್ಣು ಹರಿದಷ್ಟೂ ಮರವಿಲ್ಲದ ಎರಿ ಬಯಲು, ಗದಗ ದಾಟಿದರೆ ಕಪ್ಪತಗುಡ್ಡದ ಕುರುಚಲು ಮತ್ತು ಹುಲ್ಲು. ಧಾರವಾಡಕ್ಕೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ಗದಗಕ್ಕೆ 600ರ ಆಸುಪಾಸು. ಎರಡು ವ್ಯವಸ್ಥೆಗಳು ಕೂಡುವ ಇಂಥ ಅಂಚಿನಲ್ಲಿ ಎರಡೂ ಕಡೆಯ ಜೀವಿಗಳು ಸಿಗುತ್ತವೆ, ಅಂಚಿಗೇ ಒಗ್ಗಿದವೂ ಸಿಗುತ್ತವೆ.

ಇನ್ನು ಎಣಿಕೆ. ಬೇಕಾದ ಸಾಮಾನು ತೀರಾ ಕಡಿಮೆ: ಅರ್ಧ ಇಂಚಿನ ಪಿವಿಸಿ ಪೈಪಿನ ನಾಲ್ಕು ತುಂಡು, ನಾಲ್ಕು ಎಲ್ಬೋ, ಸುತಳಿ, 50 ಮೀಟರಿನ ಟೇಪು. ಒಳ ಅಳತೆ ಸರಿಯಾಗಿ 1 ಮೀಟರ್ ಬರುವ ಚೌಕ ಮಾಡಬೇಕು. ಎಲ್ಬೋ ಒಳಗೆ ಪೈಪು ಎಷ್ಟು ಹೋಗುತ್ತದೆ ಎಂಬುದನ್ನು ಲೆಕ್ಕ ಹಾಕದೆ ಕತ್ತರಿಸಿದರೆ ಚೌಕ ಹೆಚ್ಚುಕಡಿಮೆ ಆಗುತ್ತದೆ. ಒಂದು ಮೂಲೆಗೆ ಅಂಟು ಹಾಕಬಾರದು. ಆವರಿಕೆಯ ಪೊದೆ ಅಡ್ಡ ಬಂದರೆ ಆ ಮೂಲೆ ಬಿಚ್ಚಿ ಬುಡದ ಸುತ್ತ ತೂರಿಸಬಹುದು. ಚೌಕದ ಮೇಲೆ ಉದ್ದಕ್ಕೂ ಅಡ್ಡಕ್ಕೂ 25 ಸೆಂಟಿಮೀಟರಿಗೊಂದು ಸುತಳಿ ಬಿಗಿದರೆ 16 ಮನೆಗಳಾಗುತ್ತವೆ.

ಚೌಕ ಎಲ್ಲಿ ಇಡಬೇಕು ಎಂಬಲ್ಲೇ ಬಹಳ ಜನ ಎಡವುತ್ತಾರೆ. ದಾರಿಯ ಪಕ್ಕ ಇಟ್ಟರೆ ತುಳಿತಕ್ಕೆ ಒಗ್ಗಿದ ಕರಕಿ (ಗರಿಕೆ) ಹುಲ್ಲೇ ಕಾಣುತ್ತದೆ. ಕಣ್ಣಿಗೆ ಚೆಂದ ಕಂಡಲ್ಲಿ ಇಟ್ಟರೆ ಹೂವಿದ್ದ ಜಾಗವೇ ಆಯ್ಕೆಯಾಗುತ್ತದೆ. ಹೆಗಲ ಮೇಲಿಂದ ಹಿಂದಕ್ಕೆ ಎಸೆಯುವ ಪದ್ಧತಿಯೂ ಸರಿಯಲ್ಲ, ಏಕೆಂದರೆ ಕೈ ಮುಳ್ಳಿನ ಕಡೆ ಎಸೆಯುವುದಿಲ್ಲ. ಟೇಪು ಹಾಸಿ, ಚೀಟಿ ಎತ್ತಿ, ಬಂದ ಅಂಕಿಯ ಮೀಟರಿಗೆ ಇಡುವುದೇ ನೇರ ದಾರಿ. ಪ್ರತಿ ಚೌಕದಲ್ಲಿ ಹೊಸದಾಗಿ ಸಿಕ್ಕ ಪ್ರಭೇದಗಳನ್ನು ಹಿಂದಿನದಕ್ಕೆ ಕೂಡಿಸುತ್ತ ಗೆರೆ ಎಳೆದರೆ ಮೊದಮೊದಲು ಅದು ಸರ್ರನೆ ಏರಿ, ಆಮೇಲೆ ಬಾಗುತ್ತದೆ. ಕೊನೆಯ ಐದು ಚೌಕಗಳಲ್ಲಿ ಒಂದೋ ಎರಡೋ ಮಾತ್ರ ಹೊಸದು ಬಂದರೆ ಆ ಜಾಗಕ್ಕೆ ಬಹುಮಟ್ಟಿಗೆ ಸಾಕು. ಒಂದು ಗುಡ್ಡದಲ್ಲಿ 10 ಚೌಕ, ಇನ್ನೊಂದರಲ್ಲಿ 30 ಚೌಕ ಹಾಕಿ ಎರಡನ್ನೂ ಹೋಲಿಸುವುದು ತಪ್ಪು. ಹೆಚ್ಚು ಹುಡುಕಿದಲ್ಲಿ ಹೆಚ್ಚು ಸಿಕ್ಕೇ ಸಿಗುತ್ತದೆ.

ಕಾಲವೂ ಮುಖ್ಯ. ಮಾರ್ಚಿನಲ್ಲಿ ಹೋದವರಿಗೆ ಒಣ ಕರಡ ಬಿಟ್ಟರೆ ಏನೂ ಕಾಣದು. ಹುಲ್ಲನ್ನು ಗುರುತಿಸುವುದು ಹೂತೆನೆಯಿಂದ. ಅದು ಹಸ್ತ, ಚಿತ್ತಿ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರಿನಲ್ಲಿ ಹೊರಬರುತ್ತದೆ. ಮೊದಲ ಮಳೆಗೆ ಗಡ್ಡೆಯಿಂದ ಎದ್ದು, ಕೆಲವೇ ವಾರದಲ್ಲಿ ಹೂಬಿಟ್ಟು ಮರೆಯಾಗುವ ಪುಟ್ಟ ಗಿಡಗಳೂ ಇವೆ. ಅವಕ್ಕಾಗಿ ಜೂನ್-ಜುಲೈನಲ್ಲಿ ಇನ್ನೊಂದು ಸುತ್ತು ಬೇಕೇ ಬೇಕು.

ಹುಲ್ಲನ್ನು ಒಂದು, ಎರಡು ಎಂದು ಎಣಿಸಲೂ ಆಗುವುದಿಲ್ಲ. ಕರಕಿ ನೆಲದ ಮೇಲೆ ಹಬ್ಬಿ ಗಂಟುಗಂಟಿಗೂ ಬೇರು ಬಿಡುತ್ತದೆ. ಅದು ಒಂದು ಗಿಡವೋ ನೂರೋ? ಸುತಳಿಯ 16 ಮನೆಗಳು ಕೆಲಸಕ್ಕೆ ಬರುವುದು ಇಲ್ಲೇ. ಒಂದು ಪ್ರಭೇದ ಎಷ್ಟು ಮನೆಗಳಲ್ಲಿ ಇದೆ ಎಂದಷ್ಟೇ ಬರೆದುಕೊಳ್ಳುವುದು. ಇಬ್ಬರು ಬೇರೆ ಬೇರೆ ಎಣಿಸಿದರೂ ಉತ್ತರ ಹೆಚ್ಚು ವ್ಯತ್ಯಾಸವಾಗುವುದಿಲ್ಲ.

ಸಂಖ್ಯೆಗಳು ಕೈಗೆ ಬಂದ ಮೇಲೆ ಅವುಗಳ ಹಂಚಿಕೆ ನೋಡಬೇಕು. ಲೆಕ್ಕಕ್ಕಾಗಿ ಎರಡು ಬಯಲುಗಳನ್ನು ಊಹಿಸಿಕೊಳ್ಳೋಣ. ಎರಡರಲ್ಲೂ ಐದೈದು ಪ್ರಭೇದ, ನೂರು ನೂರು ಎಣಿಕೆ. ಮೊದಲನೆಯದರಲ್ಲಿ ಪ್ರತಿಯೊಂದೂ 20. ಎರಡನೆಯದರಲ್ಲಿ ಒಂದೇ 80, ಉಳಿದ ನಾಲ್ಕು ತಲಾ 5. ಪಟ್ಟಿ ಮಾತ್ರ ನೋಡಿದರೆ ಎರಡೂ ಒಂದೇ. ತಂತಿ ಸಂದೇಶಗಳ ಗಣಿತದಿಂದ ಬಂದ ಶಾನನ್ ಸೂಚ್ಯಂಕದಲ್ಲಿ ಪ್ರತಿ ಪ್ರಭೇದದ ಪಾಲನ್ನು ಅದರ ಸ್ವಾಭಾವಿಕ ಲಾಗರಿದಮ್ಮಿನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಋಣ ಚಿಹ್ನೆ ತೆಗೆಯುತ್ತಾರೆ. ಮೊದಲನೆಯದಕ್ಕೆ 1.61 ಬರುತ್ತದೆ, ಎರಡನೆಯದಕ್ಕೆ 0.78. ಈ ಅಂಕಿಗಳನ್ನು ಲಾಗರಿದಮ್ಮಿನಿಂದ ಮರಳಿ ಬಿಡಿಸಿದರೆ ಅರ್ಥ ಇನ್ನೂ ಸ್ಪಷ್ಟ: ಮೊದಲ ಬಯಲು ನಿಜಕ್ಕೂ ಐದು ಪ್ರಭೇದಗಳ ಬಯಲು; ಎರಡನೆಯದು ಪಟ್ಟಿಯಲ್ಲಿ ಐದಾದರೂ ನಡವಳಿಕೆಯಲ್ಲಿ ಸುಮಾರು 2.2 ಪ್ರಭೇದಗಳದ್ದು. ಬಳ್ಳಾರಿ ಜಾಲಿ ಹಬ್ಬಿದ ಗಾಯರಾಣ ಈ ಎರಡನೆಯ ಬಗೆಯದು.

ಸೂಚ್ಯಂಕಕ್ಕೂ ಒಂದು ಕುರುಡು ಇದೆ. ಯಾವ ಗಿಡ ಇಲ್ಲಿಯದು, ಯಾವುದು ಹೊರಗಿನಿಂದ ಬಂದದ್ದು ಎಂಬುದು ಅದಕ್ಕೆ ತಿಳಿಯದು. ಕಾಂಗ್ರೆಸ್ ಕಸ ಕಾಲಿಟ್ಟ ಮೊದಲ ವರ್ಷ ಪ್ರಭೇದಗಳ ಸಂಖ್ಯೆ ಒಂದು ಏರುತ್ತದೆ, ಸೂಚ್ಯಂಕವೂ ತುಸು ಏರಬಹುದು. ಅದನ್ನು ಸುಧಾರಣೆ ಎಂದು ಓದಿದರೆ ಮೋಸ ಹೋದಂತೆ. ಆದ್ದರಿಂದ ಇಲ್ಲಿಯವು, ಹೊರಗಿನವು ಎಂದು ಎರಡು ಪಟ್ಟಿ ಬೇರೆ ಬೇರೆ ಇಟ್ಟು ಲೆಕ್ಕ ಮಾಡುವುದು ಒಳ್ಳೆಯದು.

ಅಮೆರಿಕದ ಪರಿಸರ ವಿಜ್ಞಾನಿ ರಾಬರ್ಟ್ ವಿಟೇಕರ್ 1960ರಲ್ಲಿ ಕೊಟ್ಟ ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಅಳತೆಗಳು ನಮ್ಮ ಸೀಮೆಗೆ ಹೇಳಿ ಮಾಡಿಸಿದಂತಿವೆ. ಒಂದೇ ಜಾಗದ ವೈವಿಧ್ಯ ಆಲ್ಫಾ. ಇಡೀ ಪ್ರದೇಶದ್ದು ಗಾಮಾ. ಗಾಮಾವನ್ನು ಸರಾಸರಿ ಆಲ್ಫಾದಿಂದ ಭಾಗಿಸಿದರೆ ಬೀಟಾ, ಅಂದರೆ ಜಾಗದಿಂದ ಜಾಗಕ್ಕೆ ಎಷ್ಟು ಬದಲಾಗುತ್ತದೆ ಎಂಬುದು. ಮಸಾರಿ (ಕೆಂಪು ಮಣ್ಣಿನ) ಗುಡ್ಡದಲ್ಲಿ 30, ಎರಿ ಹೊಲದ ಬದುವಿನಲ್ಲಿ 24, ಕೆರೆಯಂಗಳದಲ್ಲಿ 18 ಸಿಕ್ಕವು ಎನ್ನೋಣ. ಒಟ್ಟು ಬೇರೆ ಬೇರೆ ಪ್ರಭೇದ 60. ಸರಾಸರಿ 24, ಬೀಟಾ 2.5. ಮೂರೂ ಕಡೆ ಒಂದೇ ಬಗೆಯ ಸಸಿ ಹಚ್ಚಿ, ನೀರು ಬಿಟ್ಟು, ಪ್ರತಿ ಜಾಗದಲ್ಲೂ 26 ಪ್ರಭೇದ ಇರುವಂತೆ ಮಾಡಿದೆವು ಎಂದುಕೊಳ್ಳಿ. ಸರಾಸರಿ ಆಲ್ಫಾ ಏರಿತು. ಆದರೆ ಮೂರೂ ಕಡೆ ಹೆಚ್ಚುಕಡಿಮೆ ಅವೇ ಆದ್ದರಿಂದ ಒಟ್ಟು 30ಕ್ಕೆ ಇಳಿಯಿತು, ಬೀಟಾ 1.15. ಪ್ರತಿ ಊರಿನಲ್ಲೂ ‘ಹಸಿರು ಹೆಚ್ಚಿತು’ ಎಂಬ ಮಾತು ಸುಳ್ಳಾಗದೆಯೇ ಇಡೀ ಜಿಲ್ಲೆ ಬಡವಾಗುವುದು ಹೀಗೆ. ನನ್ನ ಮಟ್ಟಿಗೆ ಈ ಮೂರರಲ್ಲಿ ಅತಿ ಹೆಚ್ಚು ಕಡೆಗಣಿಸಿದ ಅಳತೆ ಬೀಟಾ.

ಇಷ್ಟಾದರೂ ಎಣಿಸಿದ್ದು ಹೆಸರುಗಳನ್ನು ಮಾತ್ರ. ವ್ಯವಸ್ಥೆ ನಡೆಯುವುದು ಕೆಲಸದಿಂದ. ಅದನ್ನು ನೋಡಲು ಮಳೆಗಾಲದಲ್ಲಿ ಗಾಯರಾಣದ ಒಂದು ಹಸಿ ಹೆಂಡಿಯ (ಸಗಣಿಯ) ಮುಂದೆ ಅರ್ಧ ತಾಸು ಕೂತರೆ ಸಾಕು.

ಮೊದಲು ನೊಣಗಳು ಬರುತ್ತವೆ. ಬೆನ್ನಿಗೇ ಗಾಳಿಯಲ್ಲಿ ವಾಸನೆ ಹಿಡಿದು ಹೆಂಡಿಹುಳಗಳು ತೂಗಾಡುತ್ತ ಇಳಿಯುತ್ತವೆ. ಕೆಲವು ಹೆಂಡಿಯೊಳಗೇ ಮನೆ ಮಾಡುತ್ತವೆ. ಕೆಲವು ಅದರ ತಳದಲ್ಲಿ ನೇರ ಬಿಲ ಕೊರೆದು ಮುದ್ದೆಮುದ್ದೆಯಾಗಿ ಕೆಳಗೆ ಇಳಿಸುತ್ತವೆ. ಇನ್ನು ಕೆಲವು ಉಂಡೆ ಕಟ್ಟಿ, ತಲೆ ಕೆಳಗೆ ಮಾಡಿ, ಹಿಂಗಾಲಿನಿಂದ ದೂಡುತ್ತ ದೂರ ಒಯ್ದು ಹೂಳುತ್ತವೆ. ಹೂತ ಉಂಡೆಯಲ್ಲಿ ಮೊಟ್ಟೆ, ಮೊಟ್ಟೆಯಿಂದ ಬಂದ ಮರಿಗೆ ಅದೇ ಬುತ್ತಿ. ಮಣ್ಣಿಗೆ ಸಾರಜನಕ ಇಳಿಯಿತು, ಬಿಲದಿಂದ ಗಾಳಿ, ನೀರು ಇಳಿಯಿತು, ಹೆಂಡಿಯಲ್ಲಿದ್ದ ಹುಲ್ಲಿನ ಬೀಜವೂ ಮಣ್ಣು ಸೇರಿತು, ನೊಣದ ಮರಿಗೆ ಜಾಗ ತಪ್ಪಿತು. ಹುಳಗಳಿಲ್ಲದಿದ್ದರೆ ಅದೇ ಹೆಂಡಿ ಬಿಸಿಲಿಗೆ ಹಪ್ಪಳವಾಗಿ, ಸಾರಜನಕದ ಒಂದು ಭಾಗ ಅಮೋನಿಯಾ ಆಗಿ ಗಾಳಿಗೆ ಹೋಗಿ, ಅಡಿಯ ಹುಲ್ಲು ಸಾಯುತ್ತದೆ. ಆಸ್ಟ್ರೇಲಿಯಾದಲ್ಲಿ ಹೀಗೇ ಆಯಿತು. ಅಲ್ಲಿನ ಹುಳಗಳು ಕಾಂಗರೂವಿನ ಒಣ ಹಿಕ್ಕೆಗೆ ಒಗ್ಗಿದ್ದವು, ಹೊರಗಿನಿಂದ ಬಂದ ದನದ ಹೆಂಡಿ ಅವಕ್ಕೆ ಒಗ್ಗಲಿಲ್ಲ. ಕೊನೆಗೆ 1960ರ ದಶಕದಿಂದ ಆಫ್ರಿಕಾ, ಯುರೋಪಿನ ಹುಳಗಳನ್ನು ತರಿಸಿ ಬಿಡಬೇಕಾಯಿತು. ನಮಗೆ ಈ ಕೆಲಸಗಾರರು ಪುಕ್ಕಟೆ ಇದ್ದಾರೆ.

ಹಗಲು ಹಾರುವವು, ರಾತ್ರಿ ಹಾರುವವು, ದೊಡ್ಡವು, ಸಣ್ಣವು ಎಂದು ಇಷ್ಟೊಂದು ಬಗೆಯ ಹುಳ ಒಂದೇ ಕೆಲಸಕ್ಕೆ ಏಕೆ ಬೇಕು? ಒಂದು ವರ್ಷ ಮಳೆ ತಡವಾಗಿ ಒಂದು ಬಗೆ ಏಳದಿದ್ದರೆ ಇನ್ನೊಂದು ಬಗೆ ಕೆಲಸ ಹಿಡಿಯುತ್ತದೆ. ಪರಿಸರ ವಿಜ್ಞಾನದಲ್ಲಿ ಇದಕ್ಕೆ ವಿಮೆಯ ಹೋಲಿಕೆ ಕೊಡುತ್ತಾರೆ. ಆದರೆ ಎಲ್ಲ ಬಗೆಗಳನ್ನೂ ಒಟ್ಟಿಗೇ ಹೊಡೆಯುವ ಏಟು ಬಿದ್ದರೆ ವಿಮೆ ಕೈಕೊಡುತ್ತದೆ. ದನ-ಕುರಿಗೆ ಹಾಕುವ ಐವರ್‌ಮೆಕ್ಟಿನ್ ಜಂತುನಾಶಕ ಅಂಥದ್ದು. ಅದು ಹೆಂಡಿಯ ಮೂಲಕ ಹೊರಬಂದು ವಾರಗಟ್ಟಲೆ ಹುಳದ ಮರಿಗಳನ್ನು ಕೊಲ್ಲುತ್ತದೆ. ಔಷಧಿ ಹಾಕಿದ ಮೇಲೆ ಎರಡು ಮೂರು ವಾರ ಆ ದನಗಳನ್ನು ಗಾಯರಾಣಕ್ಕೆ ಬಿಡದಿರುವುದು, ಮಳೆ ಹಿಡಿದು ಹುಳ ಏಳುವ ದಿನಗಳನ್ನು ತಪ್ಪಿಸಿ ಹಾಕಿಸುವುದು, ಹುಳಗಳಿಗೆ ಅಷ್ಟು ಕೇಡಲ್ಲದ ಬೇರೆ ಔಷಧಿ ಸಾಕೇ ಎಂದು ಪಶುವೈದ್ಯರನ್ನು ಕೇಳುವುದು: ಈ ಮೂರೂ ಸಾಧ್ಯವಿರುವ ಕೆಲಸಗಳೇ.

ಶಕ್ತಿಯ ಲೆಕ್ಕ ಇನ್ನೊಂದು. ಒಂದು ಹಂತ ತಿಂದದ್ದರಲ್ಲಿ ಮುಂದಿನ ಹಂತಕ್ಕೆ ಸಿಗುವುದು ಸರಿಸುಮಾರು ಹತ್ತರಲ್ಲೊಂದು ಪಾಲು. ಉಳಿದದ್ದು ಉಸಿರಾಟ, ಓಡಾಟ, ಮೈಶಾಖದಲ್ಲಿ ಮುಗಿಯುತ್ತದೆ. ಅಮೆರಿಕದ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ 1942ರಲ್ಲಿ ಕೆರೆಯೊಂದರ ಅಧ್ಯಯನದಿಂದ ಹಾಕಿಕೊಟ್ಟ ದಾರಿ ಇದು. ಹುಲ್ಲಿನಲ್ಲಿ ಸಾವಿರ ಪಾಲು ಶಕ್ತಿ ಇದ್ದರೆ ಚಿಗರಿಯಲ್ಲಿ (ಕೃಷ್ಣಮೃಗದಲ್ಲಿ) ನೂರು, ತೋಳದಲ್ಲಿ ಹತ್ತು. ನೂರು ಎಕರೆ ಗಾಯರಾಣ ಒಂದು ತೋಳದ ಸಂಸಾರವನ್ನು ಸಾಕಲಾರದು. ಅದಕ್ಕೆ ಹತ್ತಾರು ಊರುಗಳ ಬಯಲು ಒಂದಕ್ಕೊಂದು ತಾಗಿರಬೇಕು, ಅಥವಾ ನಡುವೆ ದಾಟಲು ದಾರಿಯಾದರೂ ಇರಬೇಕು. ಹೊಲದ ನಡುವಿನ ಬದು ಅಂಥ ದಾರಿ. ಟ್ರ್ಯಾಕ್ಟರ್ ತಿರುಗಲಿ ಎಂದು ಬದು ಸವರುತ್ತ ಹೋದಷ್ಟೂ ಗಾಯರಾಣಗಳು ನಡುಗಡ್ಡೆಗಳಾಗುತ್ತವೆ. ಸಣ್ಣ, ದೂರದ ನಡುಗಡ್ಡೆಯಲ್ಲಿ ಪ್ರಭೇದಗಳು ಬೇಗ ಅಳಿಯುತ್ತವೆ, ಹೊಸವು ಬಂದು ಸೇರುವುದು ತಡ. ಪರಿಸರ ವಿಜ್ಞಾನಿಗಳಾದ ಮೆಕಾರ್ಥರ್ ಮತ್ತು ವಿಲ್ಸನ್ 1967ರಲ್ಲಿ ಸಮುದ್ರದ ದ್ವೀಪಗಳ ಬಗ್ಗೆ ಹೇಳಿದ ಈ ಮಾತು ಜೋಳದ ಹೊಲಗಳ ನಡುವೆಯೂ ಅಷ್ಟೇ ನಿಜ. ಬದುವಿನ ಎರಡೂ ಪಕ್ಕ ಒಂದು ಮೀಟರ್ ಹುಲ್ಲು ಉಳಿಸುವುದು ಸಣ್ಣ ತ್ಯಾಗವಲ್ಲ ಎಂಬುದು ಗೊತ್ತು, ಆದರೂ ಕೇಳಲೇಬೇಕಾದದ್ದು.

ಬಯಲನ್ನು ಬಯಲೆಂದು ನೋಡದ್ದರ ಬೆಲೆ ರಾಣೆಬೆನ್ನೂರಿನಲ್ಲಿ ಎದ್ದು ಕಾಣುತ್ತದೆ. 1974ರಲ್ಲಿ ಘೋಷಿಸಿದ ಅಲ್ಲಿನ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರ್. ಅದರ ಬಹುಭಾಗ ನೀಲಗಿರಿ ತೋಪು. ಚಿಗರಿಯ ರಕ್ಷಣೆ ಇರುವುದು ಅದರ ಕಣ್ಣಿನಲ್ಲಿ ಮತ್ತು ಓಟದಲ್ಲಿ: ದೂರದಿಂದಲೇ ತೋಳವನ್ನು ಕಂಡು, ಅಡ್ಡವಿಲ್ಲದ ನೆಲದಲ್ಲಿ ಜಿಗಿದು ಓಡಬೇಕು. ಗಂಡುಗಳು ಹೆಣ್ಣನ್ನು ಸೆಳೆಯಲು ನೆಲ ಹಿಡಿದು ನಿಲ್ಲುವುದೂ ತೆರೆದ ಬಯಲಿನಲ್ಲೇ. ಸಾಲು ಮರಗಳ ನಡುವೆ ಎರಡಕ್ಕೂ ಅಡ್ಡಿ. ಚಿಗರಿ ಹೇಗೋ ಸುತ್ತಲ ಹೊಲಗಳಲ್ಲಿ ಮೇಯುತ್ತ ಉಳಿದುಕೊಂಡಿದೆ. ರೈತರ ಬೆಳೆನಷ್ಟದ ಮೂಲ ಒಂದಿಷ್ಟು ಇಲ್ಲೂ ಇದೆ. ಒಂದು ಕಾಲಕ್ಕೆ ಇಲ್ಲಿ ಕಾಣುತ್ತಿದ್ದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಉಳಿಯಲಿಲ್ಲ. ನೆಲದ ಮೇಲೆಯೇ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿ ಅದು. ಇಷ್ಟು ನಿಧಾನವಾಗಿ ಮರಿ ಮಾಡುವ ಪ್ರಾಣಿಗೆ ನೆಲೆ ಕೆಟ್ಟರೆ ಚೇತರಿಸಿಕೊಳ್ಳಲು ಸಮಯವೇ ಸಿಗದು.

ಮರ ಹಚ್ಚಿದರೆ ಇಂಗಾಲವಾದರೂ ಸೇರುತ್ತದಲ್ಲ ಎನ್ನುವವರಿದ್ದಾರೆ. ಹುಲ್ಲುಗಾವಲಿನ ಇಂಗಾಲ ಬಹುಪಾಲು ನೆಲದಡಿ ಬೇರಿನಲ್ಲಿ, ಮಣ್ಣಿನಲ್ಲಿ ಇರುತ್ತದೆ. ಮೇಲೆ ಕರಡ ಸುಟ್ಟರೂ ಅದು ಉಳಿಯುತ್ತದೆ. ಗುಂಡಿ, ಕಂದಕ ತೋಡಿದಾಗ ಹೊರಬಿದ್ದು ಗಾಳಿಗೆ ಸೇರುವುದು ಅದೇ ಇಂಗಾಲ.

ಜೀವಿಗಳು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾರ ಸಾಗಿಸುವುದಕ್ಕೆ ನಮ್ಮಲ್ಲೇ ಎರಡು ಒಳ್ಳೆಯ ಉದಾಹರಣೆಗಳಿವೆ. ಕುರಿ ಹಗಲೆಲ್ಲ ಗಾಯರಾಣದಲ್ಲಿ ಮೇಯುತ್ತದೆ, ರಾತ್ರಿ ರೈತರ ಹೊಲದಲ್ಲಿ ನಿಲ್ಲುತ್ತದೆ. ಹಿಕ್ಕೆ, ಗಂಜಳದ ಮೂಲಕ ಗುಡ್ಡದ ಸಾರ ಹೊಲಕ್ಕೆ ಇಳಿಯುತ್ತದೆ. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಕೆಲಸ ಇದಕ್ಕೆ ಎದುರು ದಿಕ್ಕಿನದು. ಅವು ಸುತ್ತಲ ಹೊಲಗಳಲ್ಲಿ ಮೇದು ಬಂದು ಕೆರೆಯಲ್ಲಿ ವಿಶ್ರಮಿಸುತ್ತವೆ. ಹೊಲದ ಸಾರ ಹಿಕ್ಕೆಯಾಗಿ ನೀರು ಸೇರುತ್ತದೆ. ಸುಮಾರು 54 ಹೆಕ್ಟೇರಿನ ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಕೆರೆ-ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಕೆರೆ ಎಂದರೆ ನೀರು ನಿಂತ ಜಾಗ ಮಾತ್ರವಲ್ಲ, ಸುತ್ತಲ ಹೊಲದಲ್ಲಿ ಏನು ಬಿತ್ತುತ್ತಾರೆ, ಏನು ಸಿಂಪಡಿಸುತ್ತಾರೆ ಎಂಬುದೂ ಅದರ ಪಾಲಿನದ್ದೇ. ಹಕ್ಕಿಯ ಹಿಕ್ಕೆಯನ್ನು ಕೆರೆ ಅರಗಿಸಿಕೊಳ್ಳಬಲ್ಲದು. ಊರ ಚರಂಡಿ ನೀರು ವರ್ಷವಿಡೀ ಹರಿದರೆ ಅರಗುವುದಿಲ್ಲ. ಆಗ ರಂಜಕ, ಸಾರಜನಕ ಹೆಚ್ಚಿ ಅಂತರಗಂಗೆ ಎಂಬ ತೇಲುವ ಕಳೆ ನೀರನ್ನು ಮುಚ್ಚುತ್ತದೆ, ಕೊಳೆಯುವ ಕಸ ನೀರಿನ ಆಮ್ಲಜನಕ ಹೀರಿ ಬೆಳಗಿನ ಜಾವ ಮೀನು ತೇಲುತ್ತವೆ. ಹುಬ್ಬಳ್ಳಿಯ ಉಣಕಲ್ ಕೆರೆ ಕಂಡವರಿಗೆ ಅಂತರಗಂಗೆಯ ಪರಿಚಯ ಇದ್ದೇ ಇದೆ. ತೆಗೆದ ಅಂತರಗಂಗೆಯನ್ನು ಏರಿಯ ಮೇಲೇ ಒಟ್ಟಿದರೆ ಅದು ಕೊಳೆತು, ಮುಂದಿನ ಮಳೆಗೆ ಅದೇ ಸಾರ ಮರಳಿ ಕೆರೆಗೆ ಇಳಿಯುತ್ತದೆ.

ಬಳ್ಳಾರಿ ಜಾಲಿಯ ಮಾತಿಗೆ ಮರಳೋಣ. ಅದರ ಕಾಯಿ ಸಿಹಿ. ಕುರಿ, ದನ, ಚಿಗರಿ ಎಲ್ಲವೂ ತಿನ್ನುತ್ತವೆ. ಗಟ್ಟಿ ಸಿಪ್ಪೆಯ ಬೀಜ ಹೊಟ್ಟೆಯಿಂದ ಕೆಡದೆ ಹೊರಬಂದು, ಗೊಬ್ಬರದ ನಡುವೆಯೇ ಮೊಳೆಯುತ್ತದೆ. ಜೆಸಿಬಿ ಹೊಡೆದು ಮೇಲಿನಿಂದ ಮುರಿದರೆ ಬುಡದ ಮೊಗ್ಗುಗಳಿಂದ ಒಂದಕ್ಕೆ ಹತ್ತು ಕವಲು ಬರುತ್ತವೆ. ಮಣ್ಣು ಬಿಡಿಸಿ, ಸುಮಾರು ಒಂದು ಅಡಿ ಕೆಳಗೆ ಬೇರಿನ ಗಡ್ಡೆ ಸಮೇತ ಕಡಿಯಬೇಕು. ಅದೂ ಕಾಯಿ ಬಲಿಯುವ ಮುಂಚೆ. ಖಾಲಿ ನೆಲ ಹಾಗೇ ಬಿಟ್ಟರೆ, ಜಾಲಿ ಸೇರಿಸಿಟ್ಟ ಸಾರಜನಕದ ಮೇಲೆ ಕಾಂಗ್ರೆಸ್ ಕಸ ಏಳುತ್ತದೆ. ಹತ್ತಿರದ ಗುಡ್ಡದ್ದೇ ಹುಲ್ಲಿನ ಬೀಜವನ್ನು ಅಕ್ಟೋಬರ್-ನವೆಂಬರಿನಲ್ಲಿ ಕೈಯಿಂದ ಸವರಿ, ನೆರಳಲ್ಲಿ ಒಣಗಿಸಿ, ಜೂನ್ ತನಕ ಇಡಬೇಕು. ಹಲವು ಹುಲ್ಲುಗಳ ಹೊಸ ಬೀಜ ಕೆಲವು ತಿಂಗಳು ಮೊಳೆಯುವುದಿಲ್ಲ; ಮೊಳೆಯಲಿಲ್ಲ ಎಂದು ಎಸೆದವರು ಬಹಳ ಜನ. ಮರಳು ಬೆರೆಸಿ ಎರಚಿ, ತೆಳ್ಳಗೆ ಮಣ್ಣು ಮುಚ್ಚಿದರೆ ಸಾಕು. ಯೂರಿಯಾ ಹಾಕಬಾರದು, ಅದರ ಲಾಭ ಕಸಕ್ಕೇ ಹೋಗುತ್ತದೆ.

ಬಟ್ಟೆಗೆ ಚುಚ್ಚಿಕೊಳ್ಳುವ ಉದ್ದ ಕೂದಲಿನ ಹುಲ್ಲಿನ ಬೀಜವನ್ನಂತೂ ನೆಲವೇ ಬಿತ್ತಿಕೊಳ್ಳುತ್ತದೆ. ಒಂದನ್ನು ಅಂಗೈಯಲ್ಲಿಟ್ಟು ಹನಿ ನೀರು ಹಾಕಿ ನೋಡಿ. ಒಣಗಿದಾಗ ಹುರಿಗೊಂಡ ಕೂದಲು ತೊಯ್ದೊಡನೆ ಬಿಚ್ಚಿಕೊಳ್ಳುತ್ತ ತಿರುಗುತ್ತದೆ, ಚೂಪು ತುದಿ ತಿರುಪುಮೊಳೆಯಂತೆ ಕೆಳಗೆ ಕೊರೆಯುತ್ತದೆ. ಮತ್ತೆ ಒಣಗಿ ಹುರಿಗೊಳ್ಳುವಾಗ ಹಿಂದಕ್ಕೆ ಬಾರದಂತೆ ತುದಿಯ ಬಿರುಗೂದಲು ಹಿಡಿದುಕೊಳ್ಳುತ್ತದೆ.

ಮೇವು ಪೂರ್ತಿ ನಿಲ್ಲಿಸಬೇಕಾಗಿಲ್ಲ, ನಿಲ್ಲಿಸಲೂ ಬಾರದು. ಒಂದಿಷ್ಟು ಮೇದರೆ ಎತ್ತರದ ಹುಲ್ಲು ತಗ್ಗಿ ಸಣ್ಣ ಗಿಡಗಳಿಗೆ ಬೆಳಕು ಸಿಗುತ್ತದೆ. ಅತಿಯಾದರೆ ಕರಕಿ, ಮುಳ್ಳು ಮಾತ್ರ ಉಳಿಯುತ್ತವೆ. ಗಾಯರಾಣವನ್ನು ಮೂರು ಪಾಲು ಮಾಡಿ, ವರ್ಷಕ್ಕೊಂದು ಪಾಲನ್ನು ಜೂನಿನಿಂದ ಬೀಜ ಉದುರುವ ತನಕ ಮುಚ್ಚಿ, ಆಮೇಲೆ ಕುಡುಗೋಲಿನಿಂದ ಕೊಯ್ದೊಯ್ಯಲು ಬಿಟ್ಟರೆ ಮೂರು ವರ್ಷದಲ್ಲಿ ಎಲ್ಲ ಪಾಲೂ ಒಮ್ಮೆ ಬೀಜ ಕಟ್ಟುತ್ತವೆ. ಕುರಿಗಾರರನ್ನು ಕೂರಿಸಿಕೊಂಡು ಗಡಿ ಗುರುತಿಸದಿದ್ದರೆ ಈ ಏರ್ಪಾಡು ಒಂದು ಮಳೆಗಾಲವೂ ಬಾಳುವುದಿಲ್ಲ.

2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಗಾಯರಾಣದ ಎಣಿಕೆಯನ್ನು ಅದಕ್ಕೆ ಸೇರಿಸುವಾಗ ಹೆಸರಿನ ಪಟ್ಟಿಯ ಪಕ್ಕದಲ್ಲಿ ಇನ್ನೂ ನಾಲ್ಕು ಅಂಕಣ ಎಳೆಯಿರಿ: ಯಾವ ತಿಂಗಳು, ಎಷ್ಟು ಚೌಕ, 16ರಲ್ಲಿ ಎಷ್ಟು ಮನೆ, ಯಾವ ಸರ್ವೆ ನಂಬರಿನ ಯಾವ ಮೂಲೆ. ಚೌಕ ಇಟ್ಟಲ್ಲೆಲ್ಲ ಒಂದು ಕಲ್ಲು ಹುಗಿದು ಸುಣ್ಣ ಬಳಿಯಿರಿ, ಮುಂದಿನ ಚಿತ್ತಿ ಮಳೆಗೆ ಅದೇ ಕಲ್ಲಿನ ಪಕ್ಕ ಅದೇ ಚೌಕ ಇಡುವುದಕ್ಕೆ.